ಬಾರಾಮಹಲಿನ ನಾಡಿನಲ್ಲಿ

ಬೆಂಗಳೂರಿನಿಂದ ದಕ್ಷಿಣಾಭಿಮುಖವಾಗಿ ಹೊರಟ ಪ್ರಯಾಣಿಕನು, ಅತ್ತಿಬೆಲೆಯ ಗಡಿಯನ್ನು ದಾಟಿ, ಹೊಸೂರಿನ ಕಾರ್ಖಾನೆಗಳ ಸಾಲನ್ನು ಹಿಂದಿಕ್ಕಿ, ಶೂಲಗಿರಿಯ ಬಂಡೆಬೆಟ್ಟವನ್ನು ವಾಹನದ ಕಿಟಕಿಯಿಂದಲೇ ನೋಡಿ, ಕೃಷ್ಣಗಿರಿಯ ಕೂಡುರಸ್ತೆಯಲ್ಲಿ ಒಂದು ಲೋಟ ಕಾಫಿ ಕುಡಿದು, ಅಲ್ಲಿಂದ ವೇಲೂರು ಚೆನ್ನೈಗಳತ್ತಲೋ, ಧರ್ಮಪುರಿ ಸೇಲಂಗಳತ್ತಲೋ, ತಿರುವಣ್ಣಾಮಲೆಯತ್ತಲೋ ಸಾಗಿಹೋಗುವುದು ವಾಡಿಕೆ. ನಮ್ಮವರಲ್ಲಿ ಸಹಸ್ರಾರು ಜನ ಈ ದಾರಿಯಲ್ಲಿ ಪ್ರತಿದಿನವೂ ಹೋಗಿಬರುತ್ತಾರಾದರೂ, ಈ ನಾಡನ್ನು ನೋಡಲೆಂದೇ ಇಲ್ಲಿ ಇಳಿಯುವವರು ವಿರಳ. ರಾಮೇಶ್ವರಕ್ಕೆ ಹೋಗುವವನಿಗೆ ಇದು ದಾರಿ, ಚೆನ್ನೈಗೆ ಹೋಗುವವನಿಗೂ ದಾರಿ. ದಾರಿಯೇ ಗುರಿಯಾದೀತೆಂಬ ಯೋಚನೆ ಯಾರಿಗೂ ಬರುವುದಿಲ್ಲ. ಆದರೆ ನಾಲ್ಕು ಸಾವಿರ ವರ್ಷಗಳ ಮಾನವ ವಸತಿಯ ಕುರುಹುಗಳನ್ನು ಮೈಮೇಲೆ ಹೊತ್ತು, ಗಂಗ, ನೊಳಂಬ, ಹೊಯ್ಸಳ, ವಿಜಯನಗರ, ಮೈಸೂರು ಎಂಬ ಕನ್ನಡದ ರಾಜವಂಶಗಳೆಲ್ಲದರ ಹೆಜ್ಜೆಯನ್ನು ಕಂಡು, ಮೂರು ಭಾಷೆಗಳನ್ನು ಒಂದೇ ಬೀದಿಯಲ್ಲಿ ಆಡುತ್ತ ಬಾಳುತ್ತಿರುವ ಈ ಸೀಮೆಯನ್ನು, ಕನ್ನಡ ಬಲ್ಲವರಾದರೂ ಅರಿತುಕೊಳ್ಳಬೇಕೆಂಬುದು ನನ್ನ ಬಹುಕಾಲದ ಅಭಿಲಾಷೆ.

ಮೊದಲು ನೆಲದ ಸ್ವರೂಪವನ್ನು ಹೇಳಬೇಕು. ಮೈಸೂರಿನ ಪ್ರಸ್ಥಭೂಮಿ ಇಲ್ಲಿ ಪೂರ್ವದ ಬಯಲಿಗೆ ಒಮ್ಮೆಲೇ ಧುಮುಕುವುದಿಲ್ಲ. ಕೆರೆಯ ಸೋಪಾನಗಳಂತೆ ಹಂತಹಂತವಾಗಿ ಇಳಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು ೩೦೦೦ ಅಡಿ ಎತ್ತರದಲ್ಲಿರುವ ಹೊಸೂರಿನಲ್ಲಿ ಬೆಂಗಳೂರಿನದೇ ಹವೆ, ಬೆಂಗಳೂರಿನದೇ ಕೆಮ್ಮಣ್ಣು, ರಾಗಿಯ ಹೊಲ, ಹುಣಿಸೆ ಹೊಂಗೆಗಳ ನೆರಳು. ಅಲ್ಲಿಂದ ಸುಮಾರು ೫೦ ಕಿಲೋಮೀಟರು ದೂರದ ಕೃಷ್ಣಗಿರಿಗೆ ಬರುವಷ್ಟರಲ್ಲಿ ನೆಲ ಅರ್ಧದಷ್ಟು ಕೆಳಗಿಳಿದಿರುತ್ತದೆ. ಗಾಳಿ ಬಿಸಿಯೇರುತ್ತದೆ, ತೆಂಗು ಮಾವುಗಳು ದಟ್ಟವಾಗುತ್ತವೆ, ಬೋಳುಬಂಡೆಯ ಒಂಟಿಬೆಟ್ಟಗಳು ಬಯಲಿನ ನಡುವೆ ಅಲ್ಲಲ್ಲಿ ತಲೆಯೆತ್ತಿ ನಿಲ್ಲುತ್ತವೆ. ಮೇಲಿನ ಹೊಸೂರು, ಡೆಂಕಣಿಕೋಟೆ, ತಳಿಗಳ ಸೀಮೆಯನ್ನು ಹಿಂದಿನ ದಫ್ತರಗಳು ಬಾಲಾಘಾಟ್ ಎಂದೂ, ಕೆಳಗಿನ ಕೃಷ್ಣಗಿರಿಯ ಸೀಮೆಯನ್ನು ಬಾರಾಮಹಲ್ ಎಂದೂ ಕರೆದುವು. ಘಟ್ಟದ ಮೇಲಣವನಿಗೆ ಕೆಳಗಿನ ಬಯಲಿನ ದಾರಿ, ಕೆಳಗಿನವನಿಗೆ ಮೇಲಿನ ಕೋಟೆಗಳ ಬಾಗಿಲು, ಎರಡೂ ಇಲ್ಲಿಯೇ ಇದ್ದುದರಿಂದ ಈ ನಾಡು ಶತಮಾನಗಳ ಕಾಲ ನೆಮ್ಮದಿಯನ್ನು ಕಾಣದೆ ಹೋಯಿತು.

ಆದರೆ ಯುದ್ಧಗಳಿಗಿಂತ ಬಹಳ ಹಿಂದಿನವರು ಇಲ್ಲಿಯ ಮೊದಲ ನಿವಾಸಿಗಳು. ಶೂಲಗಿರಿಯ ಸಮೀಪದ ಮಲ್ಲಚಂದ್ರದ ಬಂಡೆಗುಡ್ಡದ ಮೇಲೆ ಅವರು ಕಟ್ಟಿದ ಕಲ್ಲಿನ ಗೋರಿಗಳ ಸಮೂಹವೇ ಇದೆ. ಸುತ್ತಮುತ್ತಲ ಜನರು ಇವನ್ನು ಪಾಂಡವರ ಮನೆಗಳೆನ್ನುತ್ತಾರೆ. ಹತ್ತಿರ ಹೋಗಿ ನೋಡಿದರೆ ರಚನೆ ಬಲು ಸರಳ: ಒಂದೊಂದು ಗೇಣು ದಪ್ಪದ ನಾಲ್ಕು ಚಪ್ಪಡಿಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿ, ಮೇಲೆ ಹಾಸುಗಲ್ಲೊಂದನ್ನು ಹೊದಿಸಿ, ಒಂದು ಗೋಡೆಯಲ್ಲಿ ಮನುಷ್ಯನ ಭುಜ ತೂರುವಷ್ಟು ದುಂಡನೆಯ ಕಂಡಿಯನ್ನು ಕೊರೆದಿದ್ದಾರೆ, ಸುತ್ತಲೂ ನಿಲುಗಲ್ಲುಗಳ ವರ್ತುಲ. ಗಾರೆಯಿಲ್ಲ, ಚಿತ್ತಾರವಿಲ್ಲ, ಸತ್ತವನ ಹೆಸರಿಲ್ಲ. ಕಬ್ಬಿಣದ ಉಪಕರಣ ಕೈಗೆ ಬಂದ ಕಾಲದ ಜನ ತಮ್ಮವರ ಅಸ್ಥಿಗಳನ್ನಿರಿಸಲು ಮಾಡಿದ ಈ ನಿರ್ಮಾಣವನ್ನು ಕೊಪ್ಪಳದ ಹಿರೇಬೆಣಕಲ್ಲಿನಲ್ಲಿ ಕಂಡವರು ಇಲ್ಲಿ ಅದರ ನಿಕಟ ಬಂಧುವನ್ನು ಗುರುತಿಸಬಲ್ಲರು. ಇನ್ನು ಕೃಷ್ಣಗಿರಿಯ ಪೂರ್ವಕ್ಕೆ ಬರಗೂರಿನ ಬಳಿಯ ಮಯಿಲಾಡುಂಪಾರೆಯ ಉತ್ಖನನದಲ್ಲಿ ದೊರೆತ ಕಬ್ಬಿಣವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಅದರ ಕಾಲ ಕ್ರಿಸ್ತಪೂರ್ವ ೨೧೭೨ ಎಂದು ನಿರ್ಣಯಿಸಿದುದನ್ನು ತಮಿಳುನಾಡು ಸರಕಾರವು ೨೦೨೨ರ ಮೇ ತಿಂಗಳಲ್ಲಿ ಪ್ರಕಟಿಸಿತು. ದಕ್ಷಿಣ ಭಾರತದಲ್ಲಿ ಕಬ್ಬಿಣದ ಯುಗ ಯಾವಾಗ ಆರಂಭವಾಯಿತೆಂಬ ಪ್ರಶ್ನೆಯನ್ನು ವಿದ್ವಾಂಸರು ಮತ್ತೊಮ್ಮೆ ಎತ್ತಿಕೊಳ್ಳುವಂತಾದದ್ದು ಈ ಒಂದು ಹಳ್ಳಿಯ ಬಂಡೆಯ ಬುಡದಿಂದ. ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ಇವೆರಡು ಸ್ಥಳಗಳ ಸುಳಿವೂ ಸಿಗದೆಂಬುದು ಖೇದದ ಸಂಗತಿ.

ಚರಿತ್ರೆಯ ಕಾಲಕ್ಕೆ ಬಂದರೆ, ಧರ್ಮಪುರಿ ಅಂದಿನ ತಗಡೂರು; ಸಂಗಂ ಕಾಲದ ಅದಿಯಮಾನ್ ಅರಸರ ನೆಲೆ. ಅದೇ ತಗಡೂರಿನಲ್ಲಿ ೯ನೆಯ ಶತಮಾನದಲ್ಲಿ ನೊಳಂಬರ ಮಹೇಂದ್ರನ ಆಳ್ವಿಕೆ ನಡೆಯುತ್ತಿದ್ದಾಗ ಜಿನಾಲಯದ ಸಂಬಂಧವಾಗಿ ಕಂಬದ ಮೇಲೆ ಕೊರೆದ ಶಾಸನದ ಭಾಷೆ ಕನ್ನಡ. ಹೊಯ್ಸಳ ಸೋಮೇಶ್ವರನು ೧೩ನೆಯ ಶತಮಾನದ ನಡುವಿನಲ್ಲಿ ತನ್ನ ರಾಜ್ಯವನ್ನು ಇಬ್ಬರು ಮಕ್ಕಳಿಗೆ ಹಂಚಿದಾಗ ಮೂರನೆಯ ನರಸಿಂಹನಿಗೆ ದೋರಸಮುದ್ರವೂ, ರಾಮನಾಥನಿಗೆ ಶ್ರೀರಂಗದ ಬಳಿಯ ಕಣ್ಣನೂರೂ ಬಂದುವು. ಪಾಂಡ್ಯರ ಏಳಿಗೆಯಿಂದ ಕಣ್ಣನೂರನ್ನು ಕಳೆದುಕೊಂಡ ರಾಮನಾಥನು ಹಿಂದಿರುಗಿ ರಾಜಧಾನಿಯನ್ನು ಮಾಡಿಕೊಂಡ ಕುಂದಾಣಿ ಈ ಸೀಮೆಯದೇ. ಅಣ್ಣತಮ್ಮಂದಿರ ವೈಮನಸ್ಯದ ಆ ದಿನಗಳು ಮುಗಿದು, ಮೂರನೆಯ ಬಲ್ಲಾಳನು ಎರಡು ಭಾಗಗಳನ್ನೂ ಒಂದುಗೂಡಿಸುವ ವೇಳೆಗೆ ಉತ್ತರದಿಂದ ದಿಲ್ಲಿಯ ದಂಡು ಬರುವ ಕಾಲ ಸಮೀಪಿಸಿತ್ತು. ಬೇಲೂರು ಹಳೆಯಬೀಡುಗಳ ಶಿಲ್ಪವನ್ನು ನೋಡಿ ಹೊಯ್ಸಳರನ್ನು ಅರಿತೆವೆಂದುಕೊಳ್ಳುವ ನಾವು, ಆ ವಂಶದ ಅರ್ಧ ಕಥೆ ಈ ಒಣನೆಲದಲ್ಲಿ ನಡೆಯಿತೆಂಬುದನ್ನು ನೆನೆಯುವುದೇ ಇಲ್ಲ. ಆಮೇಲಿನದು ವಿಜಯನಗರ. ಪೆನುಗೊಂಡೆಯನ್ನು ೧೫೮೯ರಲ್ಲಿ ಶತ್ರುಗಳಿಂದ ರಕ್ಷಿಸಿದ ಜಗದೇವರಾಯನಿಗೆ ಬಾರಾಮಹಲಿನ ಅಧಿಕಾರವು ಮನ್ನಣೆಯಾಗಿ ದೊರೆಯಿತು; ಅವನ ಮನೆತನದವರು ಮುಂದೆ ರಾಜಧಾನಿಯನ್ನು ನಮ್ಮ ಚನ್ನಪಟ್ಟಣಕ್ಕೆ ಸಾಗಿಸಿದರು. ಮೈಸೂರಿನ ಒಡೆಯರು ೧೬೩೦ರಲ್ಲಿ ಚನ್ನಪಟ್ಟಣವನ್ನು ವಶಪಡಿಸಿಕೊಂಡ ಮೇಲೆ ಈ ಕಡೆಯ ಕೋಟೆಗಳ ಮೇಲೆ ಅವರ ಕಣ್ಣು ಬಿದ್ದುದು ಸಹಜವೇ.

ಹನ್ನೆರಡು ಬೆಟ್ಟದ ಕೋಟೆಗಳ ಸೀಮೆಯೆಂದು ಬಾರಾಮಹಲಿಗೆ ಖ್ಯಾತಿ. ಆ ಹನ್ನೆರಡರ ಪಟ್ಟಿ ಒಬ್ಬೊಬ್ಬ ಲೇಖಕನಲ್ಲಿ ಒಂದೊಂದು ಬಗೆಯಾಗಿದ್ದರೂ, ಎಲ್ಲರ ಪಟ್ಟಿಯಲ್ಲಿಯೂ ಮೊದಲು ನಿಲ್ಲುವುದು ಕೃಷ್ಣಗಿರಿ. ಊರಿನ ನೆತ್ತಿಯ ಮೇಲೆ ನೇರವಾಗಿ ಎದ್ದುನಿಂತ ಈ ಬೆಟ್ಟವನ್ನು ಇಂದು ಜನ ಸೈಯದ್ ಬಾಷಾ ಬೆಟ್ಟವೆನ್ನುತ್ತಾರೆ. ಬೆಳಗಿನ ತಂಪಿನಲ್ಲಿ ಹತ್ತತೊಡಗಿದರೆ ಒಳ್ಳೆಯದು. ಹತ್ತು ಗಂಟೆ ಮೀರಿದ ಮೇಲೆ ಬಂಡೆ ಕಾದು ಕಾಲಿಡಗೊಡದು. ಮೊದಲು ಕಟ್ಟಿದ ಮೆಟ್ಟಿಲು, ಆಮೇಲೆ ಬಂಡೆಯಲ್ಲೇ ಕಡಿದ ಮೆಟ್ಟಿಲು. ಶತಮಾನಗಳ ಪಾದಘರ್ಷಣೆಯಿಂದ ನಡುವೆ ಸವೆದು ನುಣುಪಾದ ಆ ಮೆಟ್ಟಿಲುಗಳ ಮೇಲೆ ಮಳೆಗಾಲದಲ್ಲಿ ಹೆಜ್ಜೆಯಿಡುವಾಗ ಎಚ್ಚರ ಬೇಕು. ಬಂಡೆಯ ಸಹಜವಾದ ಕಡಿದನ್ನೇ ಗೋಡೆಯನ್ನಾಗಿ ಮಾಡಿಕೊಂಡು, ಅದು ಸಾಲದ ಕಡೆ ಮಾತ್ರ ಕಲ್ಲು ಪೇರಿಸಿ ತೇಪೆ ಹಾಕಿರುವ ಕೋಟೆಯ ರೀತಿಯನ್ನು ನೋಡಿದರೆ, ಕಟ್ಟಿದವನು ಬೆಟ್ಟದ ಸ್ವಭಾವವನ್ನು ಚೆನ್ನಾಗಿ ತಿಳಿದವನೆಂಬುದು ಸ್ಪಷ್ಟವಾಗುತ್ತದೆ. ಮೇಲೆ ಮಳೆಯ ನೀರು ನಿಲ್ಲುವ ದೊಣೆಗಳಿವೆ. ಅವು ಬತ್ತದಿರುವವರೆಗೆ ಕೆಳಗಿನ ದಂಡು ಎಷ್ಟು ದೊಡ್ಡದಾದರೂ ಮೇಲಿನವರಿಗೆ ಭಯವಿರಲಿಲ್ಲ.

ಆ ಮಾತು ೧೭೯೧ರ ನವೆಂಬರಿನಲ್ಲಿ ಪ್ರತ್ಯಕ್ಷವಾಯಿತು. ಮೂರನೆಯ ಮೈಸೂರು ಯುದ್ಧದ ನಡುವೆ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಮ್ಯಾಕ್ಸ್‌ವೆಲ್ಲನ ಸೇನೆ ರಾತ್ರಿಯ ವೇಳೆ ಕೃಷ್ಣಗಿರಿಯ ಪೇಟೆಯನ್ನೂ ಕೆಳಕೋಟೆಯನ್ನೂ ಹಿಡಿದುಕೊಂಡಿತು. ಆದರೆ ಮೇಲಣ ಕೋಟೆಯಿಂದ ಟಿಪ್ಪುವಿನ ಸೈನಿಕರು ಉರುಳಿಸಿದ ಬಂಡೆಗಳ ಮಳೆಯನ್ನು ತಾಳಲಾರದೆ ಹಿಮ್ಮೆಟ್ಟಬೇಕಾಯಿತು. ಅದೇ ವರ್ಷದ ಜುಲೈಯಲ್ಲಿ ಹೊಸೂರೂ ರಾಯಕೋಟೆಯೂ ಕಂಪನಿಯ ವಶವಾಗಿದ್ದುವು. ಕೃಷ್ಣಗಿರಿ ಮಾತ್ರ ಮಣಿಯಲಿಲ್ಲ. ಕಾಳಗದಲ್ಲಿ ಗೆಲ್ಲಲಾಗದುದು ಕಾಗದದ ಮೇಲೆ ದೊರೆಯಿತು. ೧೭೯೨ರ ಮಾರ್ಚಿಯಲ್ಲಿ ಆದ ಶ್ರೀರಂಗಪಟ್ಟಣದ ಒಪ್ಪಂದದ ಪ್ರಕಾರ ಟಿಪ್ಪು ತನ್ನ ರಾಜ್ಯದ ಅರ್ಧವನ್ನೂ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ, ಒತ್ತೆಯಾಗಿ ಇಬ್ಬರು ಮಕ್ಕಳನ್ನೂ ಕೊಟ್ಟುದು ಎಲ್ಲರಿಗೂ ತಿಳಿದ ವಿಷಯ. ಆ ಅರ್ಧದಲ್ಲಿ ಬಾರಾಮಹಲ್ ಸೇರಿಹೋಯಿತು. ಹೊಸೂರು, ಡೆಂಕಣಿಕೋಟೆಗಳು ಇನ್ನೂ ಏಳು ವರ್ಷ ಮೈಸೂರಿನಲ್ಲಿಯೇ ಉಳಿದುವು. ೧೭೯೯ರ ಮಾರ್ಚಿಯಲ್ಲಿ ಜನರಲ್ ಹ್ಯಾರಿಸನ ದಂಡು ರಾಯಕೋಟೆಯ ಕಡೆಯಿಂದಲೇ ಮೈಸೂರನ್ನು ಹೊಕ್ಕು, ಮೇ ೪ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಸೀಮೆಯೂ ಕಂಪನಿಯ ಪಾಲಾಯಿತು. ರಾಯಕೋಟೆಯ ಬೆಟ್ಟದ ತುದಿಯಲ್ಲಿ ನಿಂತು ಪಶ್ಚಿಮಕ್ಕೆ ದೃಷ್ಟಿ ಹಾಯಿಸಿದರೆ, ಮೈಸೂರಿನ ಬಾಗಿಲೆಂದು ಸೇನಾನಾಯಕರು ಈ ಸ್ಥಳವನ್ನು ಏಕೆ ಹಿಡಿದುಕೊಂಡು ಕುಳಿತರೆಂಬುದು ವಿವರಣೆಯಿಲ್ಲದೆ ಮನಸ್ಸಿಗೆ ಬರುತ್ತದೆ.

ಯುದ್ಧಕ್ಕಿಂತಲೂ ದೀರ್ಘಕಾಲ ಉಳಿದ ಇನ್ನೊಂದು ಪರಿಣಾಮವನ್ನು ನಮ್ಮವರು ಅಷ್ಟಾಗಿ ಗಮನಿಸಿಲ್ಲ. ಬಾರಾಮಹಲು ಕೈಗೆ ಬಂದೊಡನೆ ಕಂದಾಯದ ವ್ಯವಸ್ಥೆಗಾಗಿ ಕಂಪನಿಯು ಕಳುಹಿದವರು ವ್ಯಾಪಾರಿಗಳಲ್ಲ, ಸೈನಿಕರು: ಕ್ಯಾಪ್ಟನ್ ಅಲೆಗ್ಸಾಂಡರ್ ರೀಡ್ ಮತ್ತು ಅವನ ಸಹಾಯಕರು. ಆ ಸಹಾಯಕರಲ್ಲೊಬ್ಬ ಥಾಮಸ್ ಮನ್ರೋ. ಹಿಂದೆ ಗುತ್ತಿಗೆದಾರನೋ ಪಾಳೆಯಗಾರನೋ ನಡುವೆ ನಿಂತು ರೈತನಿಂದ ವಸೂಲು ಮಾಡಿ ಸರಕಾರಕ್ಕೆ ಸಲ್ಲಿಸುತ್ತಿದ್ದ ಪದ್ಧತಿಯನ್ನು ಬಿಟ್ಟು, ಹೊಲಹೊಲವನ್ನೂ ಅಳೆಯಿಸಿ, ಮಣ್ಣಿನ ಗುಣವನ್ನು ನೋಡಿ ದರ ಕಟ್ಟಿ, ಪ್ರತಿಯೊಬ್ಬ ರೈತನ ಹೆಸರಿಗೂ ನೇರವಾಗಿ ಪಟ್ಟಾ ಕೊಡುವ ರೈತವಾರಿ ವ್ಯವಸ್ಥೆ ಇಲ್ಲಿಯ ಹಳ್ಳಿಗಳಲ್ಲಿ ರೂಪುಗೊಂಡಿತು. ಏಳು ವರ್ಷ ಇಲ್ಲಿ ದುಡಿದ ಮನ್ರೋ ೧೭೯೯ರಲ್ಲಿ ನಮ್ಮ ಕರಾವಳಿಯ ಕನ್ನಡ ಜಿಲ್ಲೆಗೂ, ಅನಂತರ ಬಳ್ಳಾರಿ ಕಡಪೆಗಳ ಸೀಮೆಗೂ ಹೋಗಿ, ೧೮೨೦ರಲ್ಲಿ ಮದರಾಸಿನ ಗವರ್ನರನಾಗಿ, ತಾನು ಬಾರಾಮಹಲಿನಲ್ಲಿ ಕಲಿತುದನ್ನು ಪ್ರಾಂತದಲ್ಲೆಲ್ಲ ಜಾರಿಗೆ ತಂದನು. ಮಧ್ಯವರ್ತಿಯ ಕಾಟ ತಪ್ಪಿದುದು ನಿಜವಾದರೂ, ಅಳತೆಯ ಮೇಲೆ ಕಟ್ಟಿದ ದರ ಭಾರವಾಗಿದ್ದು, ಬರಗಾಲದ ವರ್ಷಗಳಲ್ಲಿ ಒಣಬೇಸಾಯದ ರೈತನ ಬೆನ್ನು ಮುರಿಯಿತೆಂಬುದನ್ನೂ ಇಲ್ಲಿಯೇ ಹೇಳಬೇಕು. ಇಂದು ಕರ್ನಾಟಕದ ಬಹುಭಾಗದಲ್ಲಿ ರೈತನೊಬ್ಬನು ತನ್ನ ಹೆಸರಿನ ಪಹಣಿಯನ್ನು ಕೈಯಲ್ಲಿ ಹಿಡಿಯುತ್ತಾನಷ್ಟೆ. ಆ ಲೆಕ್ಕದ ಬಗೆಗೆ ಮೊದಲ ಅಭ್ಯಾಸ ನಡೆದ ಪಾಠಶಾಲೆಗಳಲ್ಲಿ ಈ ನಾಡು ಒಂದು.

ದೂರದಲ್ಲಿ ಕುಳಿತವರು ಒಪ್ಪಂದಕ್ಕೆ ರುಜು ಹಾಕಿ ನಾಡುಗಳ ಹಣೆಬರಹವನ್ನು ಬದಲಿಸಿದುದು ಇಲ್ಲಿ ಮಾತ್ರವಲ್ಲ. ಥಾಯ್ಲೆಂಡಿನ ದಕ್ಷಿಣ ತುದಿಯಲ್ಲಿ, ಅಂಡಮಾನ್ ಸಮುದ್ರದ ತೀರದಲ್ಲಿ, ಸತೂನ್ ಎಂಬ ಚಿಕ್ಕ ಪ್ರಾಂತವಿದೆ. ದ್ವೀಪಗಳ ಚೆಲುವಿಗೆ ಹೆಸರಾದ ಆ ಸೀಮೆ ಹಿಂದೆ ಮಲಯದ ಕೆಡಾ ಸಂಸ್ಥಾನಕ್ಕೆ ಸೇರಿದ್ದಿತು. ೧೯೦೯ರ ಮಾರ್ಚಿ ೧೦ರಂದು ಬ್ಯಾಂಕಾಕಿನಲ್ಲಿ ಇಂಗ್ಲಿಷರಿಗೂ ಸಯಾಮಿನ ದೊರೆಗೂ ಆದ ಒಪ್ಪಂದದಂತೆ ಕೆಡಾ, ಪೆರ್ಲಿಸ್, ಕೆಲಂತಾನ್, ತೆರೆಂಗಾನುಗಳು ಇಂಗ್ಲಿಷರ ಕಡೆಗೆ ಹೋದಾಗ ಸತೂನ್ ಮಾತ್ರ ಸಯಾಮಿನಲ್ಲಿ ಉಳಿಯಿತು. ಇಂದು ಅಲ್ಲಿಯ ಜನರಲ್ಲಿ ಬಹುಸಂಖ್ಯಾತರು ಮುಸಲ್ಮಾನರು, ಅವರಲ್ಲಿ ಹೆಚ್ಚಿನವರ ಆಡುಮಾತು ಥಾಯ್. ನೆಂಟರಿಷ್ಟರು, ನೆನಪುಗಳು ಗಡಿಯಾಚೆಗೂ ಹಬ್ಬಿವೆ. ಅಲ್ಲಿಗೆ ಹೋಗುವ ಪ್ರವಾಸಿಗರು ತರುತಾವ್ ದ್ವೀಪದ ಕಡಲನ್ನಷ್ಟೆ ನೋಡಿ, ಇತಿಹಾಸವನ್ನು ಕೇಳದೆ ಮರಳುವುದುಂಟು. ಹೊಸೂರಿನ ಕಥೆಯೂ ಅದೇ ಜಾತಿಯದು. ಭಾಷಾವಾರು ರಾಜ್ಯಗಳ ವಿಚಾರ ಬಂದು, ೧೯೫೩ರಲ್ಲಿ ನೇಮಕವಾದ ಫಜಲ್ ಅಲಿ ಆಯೋಗದ ಮುಂದೆ ಈ ತಾಲ್ಲೂಕಿನ ವಿಷಯವೂ ಎದ್ದಿತು. ತೆಲುಗು, ಕನ್ನಡ, ತಮಿಳು ಮೂರೂ ಬೆರೆತು, ಯಾವುದೊಂದೂ ಏಕಚ್ಛತ್ರವಾಗಿ ಆಳದ ಊರುಗಳನ್ನು ಯಾವ ನ್ಯಾಯದಿಂದ ಹಂಚುವುದು? ಕೊನೆಗೆ ೧೯೫೬ರ ನವೆಂಬರ್ ೧ರಂದು ಗೆರೆಗಳು ಸ್ಥಿರಗೊಂಡಾಗ ಹೊಸೂರು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಆಡಳಿತದ ಹಂಚಿಕೆ ಅನಂತರವೂ ನಿಲ್ಲಲಿಲ್ಲ: ೧೯೬೫ರಲ್ಲಿ ಸೇಲಂ ಜಿಲ್ಲೆಯಿಂದ ಧರ್ಮಪುರಿಯೂ, ೨೦೦೪ರ ಫೆಬ್ರವರಿ ೯ರಂದು ಧರ್ಮಪುರಿಯಿಂದ ಕೃಷ್ಣಗಿರಿಯೂ ಬೇರೆ ಜಿಲ್ಲೆಗಳಾದುವು.

ಹೊಸೂರು ಪಟ್ಟಣವನ್ನು ನೋಡಲು ಚಂದ್ರಚೂಡೇಶ್ವರನ ಬೆಟ್ಟಕ್ಕೆ ಹೋಗಬೇಕು. ಬೆಟ್ಟ ದೊಡ್ಡದಲ್ಲ, ಆದರೆ ಅದರ ಮೇಲಿನಿಂದ ಒಂದು ಕಡೆಗೆ ಹಳೆಯ ಊರಿನ ಹೆಂಚಿನ ಮನೆಗಳೂ, ರಾಮನಾಯಕನ ಕೆರೆಯೂ, ಇನ್ನೊಂದು ಕಡೆಗೆ ಕಾರ್ಖಾನೆಗಳ ವಿಶಾಲವಾದ ಮಾಡುಗಳೂ ಒಟ್ಟಿಗೆ ಕಾಣುತ್ತವೆ. ಶಿವನು ಉಡದ ರೂಪವನ್ನು ತಾಳಿ ಈ ಗುಡ್ಡಕ್ಕೆ ಬಂದನೆಂದೂ, ದೇವಿ ಅದನ್ನು ಬೆನ್ನಟ್ಟಿ ಬಂದಳೆಂದೂ ಸ್ಥಳಪುರಾಣ. ಫಾಲ್ಗುಣದ ರಥೋತ್ಸವದಲ್ಲಿ ಆನೇಕಲ್ಲು, ಮಾಲೂರು, ಕುಪ್ಪಂಗಳ ಕಡೆಯಿಂದಲೂ ಭಕ್ತರು ನೆರೆಯುತ್ತಾರೆ. ಅಂದು ರಾಜ್ಯದ ಗಡಿಗಳನ್ನು ಯಾರೂ ಎಣಿಸುವುದಿಲ್ಲ. ಸಮೀಪದ ಮತ್ತಿಗಿರಿಯಲ್ಲಿ ಕಂಪನಿಯ ಕಾಲದಲ್ಲಿ ಅಶ್ವದಳಕ್ಕೆ ಕುದುರೆಗಳನ್ನು ಸಾಕಿ ಪಳಗಿಸುವ ಠಾಣ್ಯವಿದ್ದಿತು. ಇಂದು ಅದು ಸರಕಾರದ ಪಶುಕ್ಷೇತ್ರ. ೧೯೭೦ರ ದಶಕದಿಂದೀಚೆಗೆ ಸಿಪ್‌ಕಾಟ್ ಕೈಗಾರಿಕಾ ವಸಾಹತು ಬಂದು, ಅಶೋಕ್ ಲೇಲ್ಯಾಂಡಿನ ಲಾರಿಗಳು, ೧೯೮೦ರಲ್ಲಿ ಹೊರಬಂದ ಟಿವಿಎಸ್ ೫೦ ಮೊಪೆಡ್, ಆಮೇಲೆ ಟೈಟನ್ ಗಡಿಯಾರಗಳು, ಇವುಗಳ ಮೂಲಕ ಹೊಸೂರು ಎಲ್ಲರ ಬಾಯಿಗೆ ಬಂದಿತು. ಸುತ್ತಲ ಹಳ್ಳಿಗಳ ಪಾಲಿಹೌಸುಗಳಲ್ಲಿ ಬೆಳೆದ ಗುಲಾಬಿ ಫೆಬ್ರವರಿಯ ಹೊತ್ತಿಗೆ ಸಮುದ್ರದಾಚೆಗೆ ಹೋಗುತ್ತದೆ. ೨೦೧೯ರಲ್ಲಿ ಊರು ಮಹಾನಗರಪಾಲಿಕೆಯಾಯಿತು.

ಹೊಸೂರಿನಿಂದ ಕೆಲವೇ ಮೈಲಿಗಳ ತೊರಪಳ್ಳಿಯಲ್ಲಿ, ಅಗ್ರಹಾರದ ಬೀದಿಯ ಒಂದು ಸಾಧಾರಣ ಮನೆಯಲ್ಲಿ, ೧೮೭೮ರ ಡಿಸೆಂಬರ್ ೧೦ರಂದು ಚಕ್ರವರ್ತಿ ರಾಜಗೋಪಾಲಾಚಾರ್ಯರು ಜನಿಸಿದರು. ತಂದೆ ಆ ಊರಿನ ಮುನಸೀಫರು. ಹೊಸೂರಿನ ಶಾಲೆಯಲ್ಲಿ ಓದಿದ ಹುಡುಗ ಮುಂದಿನ ವಿದ್ಯಾಭ್ಯಾಸಕ್ಕೆ ಹೋದುದು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ. ಅವರು ಸ್ವತಂತ್ರ ಭಾರತದಲ್ಲಿ ಗವರ್ನರ್ ಜನರಲ್ ಪದವಿಯನ್ನೇರಿದ ಏಕೈಕ ಭಾರತೀಯರು, ೧೯೫೪ರಲ್ಲಿ ಭಾರತರತ್ನರಾದರು. ಆ ಮನೆಯನ್ನು ತಮಿಳುನಾಡು ಸರಕಾರ ಸ್ಮಾರಕವನ್ನಾಗಿ ಕಾಪಾಡಿಕೊಂಡಿದೆ. ಇಲ್ಲಿಗೆ ಬಂದ ಕನ್ನಡಿಗನಿಗೆ ಇನ್ನೊಬ್ಬ ಮಹನೀಯರ ನೆನಪೂ ಆಗದಿರದು. ಗಡಿಯ ಉತ್ತರಕ್ಕೆ, ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ, ರಾಜಾಜಿಯವರಿಗಿಂತ ಹನ್ನೆರಡು ವರ್ಷ ಕಿರಿಯರಾಗಿ ೧೮೯೧ರಲ್ಲಿ ಹುಟ್ಟಿದವರು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. ಇಬ್ಬರ ಮನೆಯ ಮಾತೂ ತಮಿಳು, ಇಬ್ಬರ ಕುಲಾಚಾರವೂ ಶ್ರೀವೈಷ್ಣವ, ಇಬ್ಬರ ಬಾಲ್ಯದ ನೆಲವೂ ಒಂದೇ ಕೆಮ್ಮಣ್ಣು. ಒಬ್ಬರು ತಮಿಳಿನಲ್ಲಿ ರಾಮಾಯಣದ ಕಥೆಯನ್ನು ಬರೆದು ೧೯೫೮ರಲ್ಲಿ ಸಾಹಿತ್ಯ ಅಕಾಡೆಮಿಯ ಗೌರವವನ್ನು ಪಡೆದರು. ಇನ್ನೊಬ್ಬರು ಕನ್ನಡದ ಆಸ್ತಿಯಾದರು. ಒಂದು ಸೀಮೆಯ ಎರಡು ಮನೆಗಳಿಂದ ಎರಡು ಸಾಹಿತ್ಯಗಳಿಗೆ ಇಂಥ ದಾನ ಹೋದ ನಿದರ್ಶನ ಬೇರೆ ಕಡೆ ಸುಲಭವಾಗಿ ಸಿಕ್ಕಲಾರದು.

ಈ ನಾಡಿಗೆ ಕಡಲಿಲ್ಲ. ಆದರೆ ಇದರ ನೀರೆಲ್ಲ ಪೂರ್ವದ ಕಡಲಿನದು. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿ, ಹೊಸಕೋಟೆಯ ಕೆರೆಯನ್ನು ತುಂಬಿ ಬರುವ ದಕ್ಷಿಣ ಪಿನಾಕಿನಿಯನ್ನು ಇಲ್ಲಿ ತೆನ್‌ಪೆಣ್ಣೈ ಎನ್ನುತ್ತಾರೆ. ಹೊಸೂರಿನ ಕೆಲವರಪಳ್ಳಿಯಲ್ಲಿ ಒಂದು ಅಣೆಕಟ್ಟು. ಕೃಷ್ಣಗಿರಿಯ ಬಳಿ ಕಾಮರಾಜರು ಮುಖ್ಯಮಂತ್ರಿಗಳಾಗಿದ್ದಾಗ, ೧೯೫೭ರಲ್ಲಿ ಮುಗಿದ ಇನ್ನೊಂದು. ಕೆಳಗೆ ಸಾತನೂರಿನಲ್ಲಿ ಮತ್ತೊಂದು. ಎಲ್ಲವನ್ನೂ ದಾಟಿ ಕಡಲೂರಿನ ಸಮೀಪ ನದಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಕೆಲವರಪಳ್ಳಿಯ ತೂಬುಗಳಿಂದ ನೀರು ಬೀಳುವಲ್ಲಿ ಬೆಳ್ಳನೆಯ ನೊರೆ ರಾಶಿರಾಶಿಯಾಗಿ ಎದ್ದು, ಗಾಳಿಗೆ ತುಂಡುತುಂಡಾಗಿ ಹಾರಿ, ಪಕ್ಕದ ಹೊಲದ ಟೊಮೇಟೊ ಗಿಡಗಳ ಮೇಲೆ ಕೂಡುವುದನ್ನು ನೋಡಿದವರ ಮನಸ್ಸು ಕದಡುತ್ತದೆ. ಅದು ಬೆಂಗಳೂರಿನ ಬಚ್ಚಲುಗಳಿಂದ ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾಯ್ದು ಬರುವ ಸಾಬೂನಿನ, ರಾಸಾಯನಿಕಗಳ ನೊರೆ. ನೆರೆಯ ನಾಡಿಗೆ ನಾವು ಕಳುಹುತ್ತಿರುವುದು ಇದು. ಕಾವೇರಿಯ ನೀರಿನ ಪ್ರಮಾಣದ ವಿಷಯವಾಗಿ ಎರಡು ರಾಜ್ಯಗಳೂ ಎಷ್ಟೋ ವಾದಿಸಿವೆ. ಪಿನಾಕಿನಿಯ ನೀರಿನ ಶುದ್ಧಿಯ ವಿಷಯದಲ್ಲಿ ಮೇಲ್ದಂಡೆಯವರಾದ ನಮ್ಮ ಹೊಣೆ ಸಂಶಯಾತೀತವಾದುದೆಂದು ನಾನು ದೃಢವಾಗಿ ನಂಬುತ್ತೇನೆ.

ಹೊಸೂರಿನಿಂದ ದಕ್ಷಿಣಕ್ಕೆ ಹೊರಳಿ ಡೆಂಕಣಿಕೋಟೆಯ ದಾರಿಯನ್ನು ಹಿಡಿದರೆ ನಾಡಿನ ಮುಖವೇ ಬದಲಾಗುತ್ತದೆ. ಕಾರ್ಖಾನೆಯ ಹೊಗೆ ಹಿಂದುಳಿದು, ರಾಗಿಯ ಹೊಲಗಳೂ, ಅವರೆಯ ಸಾಲುಗಳೂ, ದೂರದಲ್ಲಿ ನೀಲಿಯಾದ ಕಾಡುಬೆಟ್ಟಗಳೂ ಮುಂದೆ ಬರುತ್ತವೆ. ಬೇಟೆರಾಯಸ್ವಾಮಿಯ ದೇವಾಲಯವಿರುವ ಡೆಂಕಣಿಕೋಟೆಯ ಅಂಗಡಿಬೀದಿಯಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಈ ಸೀಮೆಯ ಜೀವನ ಕಿವಿಗೆ ಬೀಳುತ್ತದೆ. ಧಾನ್ಯದ ಅಂಗಡಿಯ ಮುಂದೆ ಹಳ್ಳಿಯ ಹೆಂಗಸೊಬ್ಬಳು “ಏನಣ್ಣಾ, ರಾಗಿ ಹೆಂಗ್ ಕೊಟ್ರಿ?” ಎಂದರೆ, “ತಗೋ ಅಕ್ಕಾ, ಹೊಸ ರಾಗಿ, ಕೈಯಲ್ಲಿ ಉಜ್ಜಿ ನೋಡು” ಎಂದು ಅಂಗಡಿಯವನ ಉತ್ತರ. ಆಕೆಯ ಹಿಂದೆ ನಿಂತವಳಿಗೆ ಅವನೇ “ಎಂತ ಕಾವಾಲಕ್ಕಾ?” ಎಂದು ತೆಲುಗಿನಲ್ಲಿ ಕೇಳಿ, ಸೈಕಲ್ಲಿನಿಂದ ಇಳಿದ ಹುಡುಗನೊಡನೆ ತಮಿಳಿಗೆ ತಿರುಗಿ, ಮರಳಿ ಕನ್ನಡದವಳ ಚೀಲಕ್ಕೆ ರಾಗಿ ಸುರಿಯುತ್ತಾನೆ. ಯಾವ ಮಾತಿಗೂ ಅವನು ಕ್ಷಣಕಾಲ ತಡೆಯುವುದಿಲ್ಲ. ಇದನ್ನು ಯಾರೂ ಅವನಿಗೆ ಕಲಿಸಲಿಲ್ಲ. ಇಲ್ಲಿ ಹುಟ್ಟಿದವನಿಗೆ ಇದು ಸಹಜಸಂಪತ್ತು.

ಇಲ್ಲಿಂದ ಪಶ್ಚಿಮಕ್ಕೆ ತಳಿ, ಜವಳಗಿರಿಗಳ ಕಡೆಗೂ, ಇನ್ನೊಂದು ಕಡೆಗೆ ಅಂಚೆಟ್ಟಿ, ಬೆಟ್ಟಮುಗಿಲಾಳಗಳ ಬೆಟ್ಟಗಳ ಕಡೆಗೂ ಹೋದಂತೆಲ್ಲ ಕನ್ನಡ ಗಾಢವಾಗುತ್ತದೆ. ತಳಿಯ ಸಮೀಪದ ಗುಮ್ಮಳಾಪುರವೆಂಬ ಹಳ್ಳಿಯ ಹೆಸರನ್ನು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳೆಲ್ಲರೂ ಪುಸ್ತಕದಲ್ಲಿ ಓದಿರುತ್ತಾರೆ, ಊರನ್ನು ಕಂಡವರು ಬೆರಳೆಣಿಕೆಯಷ್ಟು. ಅಲ್ಲಮಪ್ರಭುವನ್ನು ಕೇಂದ್ರದಲ್ಲಿರಿಸಿ, ಬಸವಣ್ಣ, ಚೆನ್ನಬಸವಣ್ಣ, ಸಿದ್ಧರಾಮ, ಅಕ್ಕಮಹಾದೇವಿ ಮೊದಲಾದ ಶರಣರ ಚದುರಿದ ವಚನಗಳನ್ನು ಸಂವಾದದ ಸೂತ್ರದಲ್ಲಿ ಪೋಣಿಸಿದ ಶೂನ್ಯಸಂಪಾದನೆ ನಮ್ಮ ಭಾಷೆಯ ಅಪೂರ್ವ ಗ್ರಂಥ. ಅದು ಒಬ್ಬನ ಕೃತಿಯಲ್ಲ. ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಕಲಿಸಿದುದನ್ನು ಹಲಗೆಯಾರ್ಯನೂ, ಗುಮ್ಮಳಾಪುರದ ಸಿದ್ಧಲಿಂಗಯತಿಯೂ, ಗೂಳೂರು ಸಿದ್ಧವೀರಣ್ಣೊಡೆಯನೂ ಒಬ್ಬರಾದ ಮೇಲೊಬ್ಬರು ತಿದ್ದಿ, ವಿಸ್ತರಿಸಿ, ಪುನಾರಚಿಸಿದರು. ಗೂಳೂರಿನವನ ಸಂಪಾದನೆಗೆ ಪ್ರಚಾರ ಹೆಚ್ಚಾದರೂ, ಗುಮ್ಮಳಾಪುರದ ಯತಿಯ ಪಾಲನ್ನು ಬಿಟ್ಟು ಆ ಗ್ರಂಥದ ಬೆಳವಣಿಗೆಯನ್ನು ಹೇಳಲು ಬರುವುದಿಲ್ಲ. ಇಂದಿನ ಲೆಕ್ಕದಲ್ಲಿ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಸೇರಿದ ಹಳ್ಳಿಯೊಂದರಲ್ಲಿ ಕನ್ನಡದ ಅತ್ಯುನ್ನತ ಅನುಭಾವಗ್ರಂಥಗಳಲ್ಲೊಂದರ ಕೆಲಸ ನಡೆಯಿತೆಂಬುದು ನಮ್ಮ ಶಾಲೆಯ ಮಕ್ಕಳಿಗೆ ತಿಳಿದಿದೆಯೆ? ತಿಳಿಯಬೇಡವೆ?

ಈ ಸೀಮೆಯಲ್ಲಿ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳು ಇಂದಿಗೂ ನಡೆಯುತ್ತಿವೆ. ೨೦೦೬ರಲ್ಲಿ ತಮಿಳುನಾಡು ತಂದ ತಮಿಳು ಕಲಿಕೆಯ ಕಾನೂನಿನಿಂದ ಎಲ್ಲ ಶಾಲೆಗಳಲ್ಲಿಯೂ ತಮಿಳು ತರಗತಿಯಿಂದ ತರಗತಿಗೆ ಕಡ್ಡಾಯವಾಗುತ್ತ ಬಂದಾಗ, ಕನ್ನಡ, ತೆಲುಗು, ಉರ್ದು ಮಾಧ್ಯಮದ ಮಕ್ಕಳ ತಂದೆತಾಯಿಗಳು ನ್ಯಾಯಾಲಯದ ಮೊರೆಹೊಕ್ಕು, ಪರೀಕ್ಷೆಯ ಮಟ್ಟಿಗೆ ವಿನಾಯಿತಿಗಳನ್ನು ಪಡೆದರು. ನಾಡಿನ ಭಾಷೆಯನ್ನು ಕಲಿಯುವುದರಲ್ಲಿ ಇಲ್ಲಿಯ ಕನ್ನಡಿಗರಿಗೆ ಎಂದೂ ಹಗೆಯಿಲ್ಲ, ಅಂಗಡಿಬೀದಿಯನ್ನು ಕಂಡವರಿಗೆ ಅದನ್ನು ಹೇಳಬೇಕಾಗಿಯೂ ಇಲ್ಲ. ತಾಯ್ನುಡಿಯ ಓದು ಬರಹ ಮಕ್ಕಳ ಕೈತಪ್ಪದಿರಲಿ ಎಂಬುದಷ್ಟೆ ಅವರ ಬಯಕೆ. ಅದು ನ್ಯಾಯವಾದ ಬಯಕೆ. ಆದರೆ ಆ ಶಾಲೆಗಳಿಗೆ ಕಥೆಪುಸ್ತಕಗಳೂ, ಪತ್ರಿಕೆಗಳೂ, ಕನ್ನಡ ಬಲ್ಲ ಶಿಕ್ಷಕರೂ ಸಾಲದಿರುವುದನ್ನು ಕಂಡು ಬಂದವರಿಗೆ, ಮೂವತ್ತು ಮೈಲಿಯಾಚೆಯ ಬೆಂಗಳೂರಿನಲ್ಲಿ ಪುಸ್ತಕಗಳು ರಾಶಿಯಾಗಿ ಧೂಳು ಹಿಡಿಯುವುದನ್ನು ನೆನೆದು ಸಂಕಟವಾಗುತ್ತದೆ.

ಹೋಗಬಯಸುವವರಿಗೆ ಎರಡು ಮಾತು. ನವೆಂಬರಿನಿಂದ ಜನವರಿಯವರೆಗೆ ರಾಗಿ ತೆನೆಗಟ್ಟಿ ಕೊಯ್ಲಾಗುವ ಕಾಲದಲ್ಲಿ ಹವೆ ಹಿತವಾಗಿರುತ್ತದೆ. ಆದರೆ ಆ ತೆನೆಯ ವಾಸನೆಗೆ ಬನ್ನೇರುಘಟ್ಟದ ಕಾಡಿನಿಂದ ಆನೆಗಳ ಹಿಂಡು ಜವಳಗಿರಿ, ಸಾನಮಾವುಗಳ ಕಡೆಗೆ ಬರುವುದೂ ಆಗಲೇ. ಹೊಲದ ಅಟ್ಟಣೆಯ ಮೇಲೆ ರಾತ್ರಿಯೆಲ್ಲ ಎಚ್ಚತ್ತಿರುವ ರೈತರು ಹೇಳಿದ ಸಮಯಕ್ಕೆ, ಹೇಳಿದ ದಾರಿಯಲ್ಲಿಯೇ ನಡೆಯುವುದು ಕ್ಷೇಮ. ಮಾವಿಗಾಗಿ ಬರುವವರು ಮೇ, ಜೂನ್ ತಿಂಗಳುಗಳಲ್ಲಿ ಬರಬೇಕು. ನಾವು ಗಿಣಿಮೂತಿಯೆನ್ನುವ ತೋತಾಪುರಿಯನ್ನು ಇಲ್ಲಿಯವರು ಬೆಂಗಳೂರಿನ ಹೆಸರಿನಿಂದಲೇ ಕರೆದು, ಲಾರಿಗಟ್ಟಲೆ ತಿರುಳಿನ ಕಾರ್ಖಾನೆಗಳಿಗೆ ಸಾಗಿಸುತ್ತಾರೆ. ತಿನ್ನಲಿಕ್ಕೆ ಸೇಂದೂರವೂ ನೀಲಂ ಹಣ್ಣೂ ಉತ್ತಮ. ಕೃಷ್ಣಗಿರಿಯ ಸರಕಾರಿ ವಸ್ತುಸಂಗ್ರಹಾಲಯವನ್ನು ನೋಡದೆ ಹಿಂದಿರುಗಬಾರದು. ಆ ಸೀಮೆಯ ವೀರಗಲ್ಲುಗಳ ಪರಿಚಯ ಅಲ್ಲಿಯೇ ಆಗಬೇಕು. ಗುಮ್ಮಳಾಪುರವನ್ನು ಕಾಣಲು ಮೊದಲು ತಳಿಗೆ ಹೋಗಬೇಕು. ತಳಿಗೆ ಹೊಸೂರಿನಿಂದಲೂ ದಾರಿಯುಂಟು, ಆನೇಕಲ್ಲಿನಿಂದಲೂ ಉಂಟು. ಹೋಗುವಾಗ ಮನೆಯಲ್ಲಿ ಮಕ್ಕಳು ಓದಿ ಮುಗಿಸಿದ ಕನ್ನಡ ಪುಸ್ತಕಗಳಿದ್ದರೆ ಒಂದು ಚೀಲದಲ್ಲಿ ಕಟ್ಟಿಕೊಂಡು ಹೋಗಿ, ದಾರಿಯಲ್ಲಿ ಸಿಗುವ ಕನ್ನಡ ಶಾಲೆಯೊಂದರ ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟು ಬನ್ನಿರೆಂದು ಓದುಗರಲ್ಲಿ ನನ್ನ ಪ್ರಾರ್ಥನೆ.